ಅಜ್ಜ ಹತ್ತಿದ್ದು ಫ್ರಾಂಟಿಯರ್ ಮೇಲೋ, ಪಂಜಾಬ್ ಮೇಲೋ?

ಪ್ರಶ್ನೆ: ನಮ್ಮ ಅಜ್ಜ ಧಾರವಾಡದವರು. 1938ರಲ್ಲಿ ಮಿಲಿಟರಿ ಲೆಕ್ಕಪತ್ರದ ಆಫೀಸಿನಲ್ಲಿ ಗುಮಾಸ್ತರಾಗಿ ರಾವಲ್ಪಿಂಡಿಗೆ ಹೋದರು. 1940ರ ಡಿಸೆಂಬರ್‌ನಲ್ಲಿ ವಾಪಸ್ ಬಂದರು. ಅವರು ಯಾವ ರೈಲಿನಲ್ಲಿ ಹೋದರು ಅನ್ನೋದೇ ನಮ್ಮ ಮನೆಯಲ್ಲಿ ಹಳೇ ಜಗಳ. ಕಾಕಾ ಹೇಳೋದು ಫ್ರಾಂಟಿಯರ್ ಮೇಲ್ ಅಂತ. ಗಾಡಿಯೊಳಗೆ ಐಸ್ ಇಡುತ್ತಿದ್ದರು ಎಂದು ಅಜ್ಜ ಹೇಳಿದ್ದು ಅವರಿಗೆ ನೆನಪಿದೆ. ಅಪ್ಪ ಹೇಳೋದು ಪಂಜಾಬ್ ಮೇಲ್. ‘ಘಾಟಿನಲ್ಲಿ ಹಿಂದಿನಿಂದ ಇನ್ನೊಂದು ಇಂಜಿನ್ ದೂಡಿತು’ ಎಂಬ ಅಜ್ಜನ ಮಾತು ಅವರಿಗೆ ನೆನಪು. ಎರಡು ಕಂಪನಿಗಳು ದೆಹಲಿಗೆ ಯಾರು ಮೊದಲು ಮುಟ್ಟುತ್ತಾರೆ ಅಂತ ರೇಸ್ ಆಡುತ್ತಿದ್ದವಂತೆ, ನಿಜವೇ? ಅಜ್ಜನ ಒಂದು ಡೈರಿ ಇದೆ, ಆದರೆ ಅದರಲ್ಲಿ ಬರೀ ಖರ್ಚಿನ ಲೆಕ್ಕ. ‘ಪುಣೆ, ಹಮಾಲ 2 ಆಣೆ. ಕಲ್ಯಾಣ, ಹಮಾಲ 2 ಆಣೆ. ಇಟಾರಸಿ, ಊಟ 5 ಆಣೆ’ ಅಂತೆಲ್ಲ. ಬರುವಾಗಿನ ಪುಟದಲ್ಲಿ ‘ರತಲಾಮ, ಚಾ 1 ಆಣೆ. ಬಾಂಬೆ ಸೆಂಟ್ರಲ್‌ದಿಂದ ಬೋರಿಬಂದರ, ಟಾಂಗಾ 8 ಆಣೆ.’ ಹಾಳೆಗಳು ಪುಡಿಯಾಗುತ್ತಿವೆ, ಲ್ಯಾಮಿನೇಷನ್ ಮಾಡಿಸಲೇ? ಅಪ್ಪನಿಗೆ ಈಗ 79, ಮೊಣಕಾಲು ನೋವೂ ಇದೆ. ಅವರನ್ನು ಅಜ್ಜನ ಅದೇ ದಾರಿಯಲ್ಲಿ ಕರೆದುಕೊಂಡು ಹೋಗಬೇಕು ಅಂತ ಆಸೆ. ಯಾವ ಗಾಡಿ ಹತ್ತಲಿ?

ಉತ್ತರ: ಮೊದಲು ಲ್ಯಾಮಿನೇಷನ್ ವಿಷಯ, ಯಾಕೆಂದರೆ ಅದಕ್ಕೆ ಅವಸರ ಇದೆ. ದಯವಿಟ್ಟು ಬೇಡ. ಬಿಸಿಗೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಆಮೇಲೆ ಯಾರೂ ಬಿಡಿಸಲಾರರು, ಹಾಳೆ ಒಳಗೇ ಹಳದಿಯಾಗುತ್ತಾ ಹೋಗುತ್ತದೆ. ಸೆಲ್ಲೋಟೇಪೂ ಬೇಡ. ಕಿಟಕಿ ಬೆಳಕಿನಲ್ಲಿ ಪ್ರತಿ ಪುಟದ ಫೋಟೋ ತೆಗೆಯಿರಿ, ಖಾಲಿ ಪುಟಗಳನ್ನೂ ಬಿಡಬೇಡಿ. ಆಮೇಲೆ ಡೈರಿಯನ್ನು ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿ, ಒಣಗಿದ ಜಾಗದಲ್ಲಿ ಮಲಗಿಸಿ ಇಡಿ. ‘ಬರೀ ಖರ್ಚಿನ ಲೆಕ್ಕ’ ಅಂತ ಬರೆದಿದ್ದೀರಿ. ಆ ಐದು ಸಾಲುಗಳಲ್ಲಿ ನಿಮ್ಮ ಮನೆಯ ಜಗಳದ ಉತ್ತರ ಇದೆ. ನಾನು ಸರ್ವೀಸಿನ ಬಹುಪಾಲನ್ನು ರೈಲ್ವೆಯ ಸಂಚಾರ ವಿಭಾಗದಲ್ಲಿ, ಟೈಮ್‌ಟೇಬಲ್‌ಗಳ ನಡುವೆ ಕಳೆದವನು. ಹಮಾಲನಿಗೆ ಕೊಟ್ಟ ಎರಡು ಆಣೆ ನನಗೆ ಟಿಕೆಟ್ಟಿನಷ್ಟೇ ಮಾತಾಡುತ್ತದೆ. ಅಲ್ಲಿಗೆ ಬರುತ್ತೇನೆ.

ಆ ಎರಡು ಕಂಪನಿ ಯಾವುವು ಅಂತ ಮೊದಲು ನೋಡೋಣ. ಒಂದು ಜಿಐಪಿ, ಅಂದರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ 34 ಕಿ.ಮೀ. ಗಾಡಿ ಓಡಿಸಿದವರು ಇವರೇ. ಇನ್ನೊಂದು ಬಿಬಿಸಿಐ, ಅಂದರೆ ಬಾಂಬೆ ಬರೋಡಾ ಆಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ. ಇವರು ಕೆಲಸ ಶುರು ಮಾಡಿದ್ದು ಗುಜರಾತಿನಲ್ಲಿ, ಮುಂಬೈಗೆ ಬಂದು ಮುಟ್ಟಿದ್ದು 1864ರಲ್ಲಿ. ಬೋರಿಬಂದರ್‌ನಲ್ಲಿ ಜಿಐಪಿಯ ವಿಕ್ಟೋರಿಯಾ ಟರ್ಮಿನಸ್ (ಇವತ್ತಿನ ಸಿಎಸ್‌ಎಂಟಿ) ಕಟ್ಟಿದ ಎಫ್. ಡಬ್ಲ್ಯೂ. ಸ್ಟೀವನ್ಸ್ ಅವರೇ ಚರ್ಚ್‌ಗೇಟ್ ಎದುರಿನ ಬಿಬಿಸಿಐ ಕಚೇರಿಯನ್ನೂ ಕಟ್ಟಿಕೊಟ್ಟರು. ಎರಡೂ ಕಟ್ಟಡ ಇವತ್ತಿಗೂ ನಿಂತಿವೆ. ಮುಂಬೈಯಲ್ಲಿ ಇಳಿದಾಗ ಒಂದೇ ದಿನ ಎರಡನ್ನೂ ನೋಡಿ. ಪೈಪೋಟಿ ಅನ್ನೋದು ಕಲ್ಲಿನಲ್ಲೂ ಹೇಗೆ ಕಾಣುತ್ತದೆ ಅಂತ ಗೊತ್ತಾಗುತ್ತದೆ.

ಇಬ್ಬರಿಗೂ ಉತ್ತರಕ್ಕೆ ಹೋಗಬೇಕಿತ್ತು. ಆದರೆ ದಾರಿ ಬೇರೆ. ಜಿಐಪಿ ಗಾಡಿ ಕಲ್ಯಾಣ, ಇಗತ್‌ಪುರಿ, ಭುಸಾವಳ, ಖಂಡ್ವಾ, ಇಟಾರಸಿ, ಭೋಪಾಲ, ಝಾನ್ಸಿ, ಗ್ವಾಲಿಯರ್, ಆಗ್ರಾ ಮೇಲೆ ದೆಹಲಿಗೆ ಹೋಗುತ್ತದೆ. ಬಿಬಿಸಿಐ ಗಾಡಿ ಸೂರತ್, ಬರೋಡಾ, ಗೋಧ್ರಾ, ರತಲಾಮ, ನಾಗ್ದಾ, ಕೋಟಾ, ಮಥುರಾ ಮೇಲೆ. ಇವತ್ತಿನ ಲೆಕ್ಕದಲ್ಲಿ ಮುಂಬೈ ಸೆಂಟ್ರಲ್‌ನಿಂದ ನವದೆಹಲಿಗೆ 1,384 ಕಿ.ಮೀ. ಜಿಐಪಿ ದಾರಿಯಲ್ಲಿ ಸುಮಾರು 1,540.

ಸುಮಾರು 150 ಕಿ.ಮೀ. ಜಾಸ್ತಿ ಅನ್ನೋದು ದೊಡ್ಡದೇ. ಆದರೆ ಜಿಐಪಿಗೆ ನಿಜವಾದ ತೊಡಕು ಅದಲ್ಲ, ಘಾಟು. ಕಸಾರಾದಿಂದ ಇಗತ್‌ಪುರಿಗೆ ಹತ್ತುವ ಥಳ್ ಘಾಟ್‌ನಲ್ಲಿ 37 ಅಡಿ ಮುಂದೆ ಹೋದರೆ 1 ಅಡಿ ಏರು. ಎತ್ತಿನಗಾಡಿಗೆ ಅದು ಏನೂ ಅಲ್ಲ, ರೈಲಿಗೆ ಬಹಳ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಅದಕ್ಕೇ ಕಸಾರಾದಲ್ಲಿ ಗಾಡಿ ನಿಲ್ಲಿಸಿ ಹಿಂದೆ ದೂಡುವ ಇಂಜಿನ್ ಹಚ್ಚುತ್ತಾರೆ. ನಾವು ಅದನ್ನು ಬ್ಯಾಂಕರ್ ಅಂತೀವಿ. ಇಗತ್‌ಪುರಿಯಲ್ಲಿ ಬಿಚ್ಚುತ್ತಾರೆ. ಹಚ್ಚೋಕೆ ಹೊತ್ತು, ಏರೋಕೆ ಹೊತ್ತು, ಬಿಚ್ಚೋಕೆ ಹೊತ್ತು. ಬಿಬಿಸಿಐಗೆ ಈ ಕಷ್ಟವೇ ಇಲ್ಲ. ಅದು ಸಮುದ್ರದ ಪಕ್ಕದಲ್ಲೇ ಬರೋಡಾ ಕಡೆಗೆ ಓಡಿ, ಅಲ್ಲಿಂದ ಮಾಳ್ವಕ್ಕೆ ಮೆಲ್ಲಗೆ ಏರುತ್ತದೆ.

ಹಾಗಿದ್ದರೂ ಉತ್ತರದ ಟಪಾಲಿನ ಗಾಡಿಯಲ್ಲಿ ಮೊದಲು ಹೆಸರು ಮಾಡಿದ್ದು ಜಿಐಪಿ. 1912ರ ಸುಮಾರಿಗೆ ಪಂಜಾಬ್ ಲಿಮಿಟೆಡ್ ಶುರುವಾಯಿತು, ಅದೇ ಮುಂದೆ ಪಂಜಾಬ್ ಮೇಲ್. ಅದರ ಹುಟ್ಟುಹಬ್ಬವನ್ನು ಜೂನ್ 1ಕ್ಕೆ ಆಚರಿಸುತ್ತಾರೆ. ಆ ತಾರೀಖು ಹಳೇ ಖರ್ಚಿನ ಅಂದಾಜು ಪತ್ರ, ಗಾಡಿ ದೆಹಲಿಗೆ ಕೆಲವು ನಿಮಿಷ ತಡ ಆಯಿತೆಂದು ಒಬ್ಬ ಪ್ರಯಾಣಿಕ ಕೊಟ್ಟ ದೂರು, ಇಂಥ ಕಾಗದಗಳಿಂದ ಲೆಕ್ಕ ಹಾಕಿ ತೆಗೆದದ್ದು. ಆ ದೂರು ಬರೆದ ಮನುಷ್ಯನ ಬಗ್ಗೆ ನನಗೆ ಬಹಳ ಪ್ರೀತಿ. ಅವನು ಬರೆಯದಿದ್ದರೆ ನಮಗೆ ಈ ಸುಳಿವೇ ಇರುತ್ತಿರಲಿಲ್ಲ. ಮೊದಲಿಗೆ ಆ ಗಾಡಿಗೆ ಆರೇ ಡಬ್ಬಿ. ಮೂರರಲ್ಲಿ ಜನ, ಮೂರರಲ್ಲಿ ಟಪಾಲು. ಹತ್ತಬಹುದಾದವರು 96 ಮಂದಿ. ಇಂಗ್ಲೆಂಡಿನಿಂದ ಪಿ ಆಂಡ್ ಓ ಕಂಪನಿಯ ಹಡಗಿನಲ್ಲಿ ಬಂದ ದೊಡ್ಡ ಅಧಿಕಾರಿಗಳು, ಅವರ ಕಾಗದಪತ್ರ, ಇಷ್ಟಕ್ಕೇ ಮಾಡಿದ ಗಾಡಿ ಅದು. ಪೇಶಾವರದವರೆಗೆ ಸುಮಾರು 2,500 ಕಿ.ಮೀ. ದೂರ. ಮೂರನೇ ದರ್ಜೆ ಸೇರಿಸಿದ್ದು 1930ರ ದಶಕದ ನಡುವಿಗೆ. ಅಂದರೆ ನಿಮ್ಮ ಅಜ್ಜ ಹತ್ತು ವರ್ಷ ಮೊದಲು ಹೊರಟಿದ್ದರೆ ಗುಮಾಸ್ತರ ಸಂಬಳದಲ್ಲಿ ಆ ಗಾಡಿ ಹತ್ತೋದು ಕಷ್ಟವೇ ಇತ್ತು.

ಬಿಬಿಸಿಐ ಇದಕ್ಕೆ ಉತ್ತರ ಕೊಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಫ್ರಾಂಟಿಯರ್ ಮೇಲ್ ಬಿಟ್ಟು. ಅದೂ ಪೇಶಾವರಕ್ಕೇ. ಹಡಗು ಬರುವ ಕಾಲದಲ್ಲಿ ಮುಂಬೈ ಬಂದರಿನ ಬಲ್ಲಾರ್ಡ್ ಪಿಯರ್‌ನಿಂದಲೇ ಹೊರಡುತ್ತಿತ್ತು. ಹಡಗಿನಿಂದ ಇಳಿದವರು ಊರೊಳಗೆ ಕಾಲಿಡದೆ ಗಾಡಿ ಹತ್ತಬಹುದಿತ್ತು. 1930ರ ಡಿಸೆಂಬರ್‌ನಲ್ಲಿ ಬಾಂಬೆ ಸೆಂಟ್ರಲ್ ತೆರೆದ ಮೇಲೆ ಅದೇ ಅದರ ಮನೆಯಾಯಿತು.

ಈಗ ರೇಸಿನ ಮಾತು. ಎರಡು ಗಾಡಿ ಒಂದೇ ಹೊತ್ತಿಗೆ ಹೊರಟು ದೆಹಲಿಗೆ ಓಟ ಕಟ್ಟುತ್ತಿದ್ದವು ಅನ್ನೋದು ನಮ್ಮ ದೇಶದ ಕಥೆ ಅಲ್ಲ. ಅಂಥದ್ದು ನಡೆದದ್ದು ಬ್ರಿಟನ್ನಿನಲ್ಲಿ. ಲಂಡನ್‌ನಿಂದ ಸ್ಕಾಟ್ಲೆಂಡಿಗೆ ಪೂರ್ವ ಕರಾವಳಿಯ ಕಂಪನಿಗಳು ಒಂದು ಕಡೆ, ಪಶ್ಚಿಮದವರು ಇನ್ನೊಂದು ಕಡೆ. 1888ರಲ್ಲಿ ಒಮ್ಮೆ, 1895ರಲ್ಲಿ ಮತ್ತೊಮ್ಮೆ ನಿಜವಾಗಿಯೇ ಓಡಿದರು. 1895ರ ಆಗಸ್ಟ್‌ನ ಒಂದು ರಾತ್ರಿ ಪಶ್ಚಿಮದ ಗಾಡಿ ಅಬರ್ಡೀನ್‌ಗೆ 540 ಮೈಲಿಯನ್ನು 512 ನಿಮಿಷದಲ್ಲಿ ಮುಟ್ಟಿತು. ಮರುವರ್ಷ ಪ್ರೆಸ್ಟನ್‌ನಲ್ಲಿ ಒಂದು ಗಾಡಿ ತಿರುವಿನಲ್ಲಿ ಅತಿ ವೇಗದಿಂದ ಹಳಿ ತಪ್ಪಿದ ಮೇಲೆ ಜನ ಹೆದರಿದರು, ಆ ಹುಚ್ಚು ಇಳಿಯಿತು. ಆ ಕಥೆಗಳನ್ನು ಓದಿದವರು ನಮ್ಮ ಎರಡು ಮೇಲ್‌ಗಳಿಗೂ ಅದನ್ನೇ ಅಂಟಿಸಿರಬೇಕು.

ಇಲ್ಲಿ ಹಾಗೆ ಓಡೋದು ಸಾಧ್ಯವೇ ಇರಲಿಲ್ಲ. ಬಿಬಿಸಿಐಯ ಸ್ವಂತ ಹಳಿ ಮಥುರಾಕ್ಕೆ ಮುಗಿಯುತ್ತಿತ್ತು. ಅಲ್ಲಿಂದ ದೆಹಲಿಗೆ ಸುಮಾರು 140 ಕಿ.ಮೀ. ಹಳಿ ಜಿಐಪಿಯದ್ದು. ಫ್ರಾಂಟಿಯರ್ ಮೇಲ್ ಅಷ್ಟು ದೂರ ಎದುರಾಳಿಯ ಹಳಿಯ ಮೇಲೆ, ಎದುರಾಳಿಯ ಸಿಗ್ನಲ್ ನೋಡಿಕೊಂಡು ಓಡಬೇಕಿತ್ತು. ದೆಹಲಿ ದಾಟಿದರೆ ಎರಡೂ ಗಾಡಿ ನಾರ್ತ್ ವೆಸ್ಟರ್ನ್ ರೈಲ್ವೆಯ ಕೈಗೆ. ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. 1928ರ ಹೊತ್ತಿಗೆ ಎರಡೂ ರೈಲ್ವೆ ಸರಕಾರದ ಆಸ್ತಿಯೇ. ಜಿಐಪಿಯ ಆಡಳಿತವನ್ನೂ ಸರಕಾರ 1925ರ ಜುಲೈನಲ್ಲಿ ತೆಗೆದುಕೊಂಡಿತ್ತು. ಬಿಬಿಸಿಐಯನ್ನು ಕಂಪನಿಯವರೇ 1942ರ ತನಕ ನಡೆಸಿದರು. ಹಾಗಾಗಿ ಪೈಪೋಟಿ ಇದ್ದದ್ದು ಟಪಾಲಿನ ಚೀಲಕ್ಕೆ, ಮೇಲಿನ ದರ್ಜೆಯ ಪ್ರಯಾಣಿಕರಿಗೆ, ಹೊತ್ತಿಗೆ ಸರಿಯಾಗಿ ಬರುವ ಹೆಸರಿಗೆ. ಗೆಲ್ಲುತ್ತಿದ್ದದ್ದು ಟೈಮ್‌ಟೇಬಲ್‌ನ ಕಾಗದದ ಮೇಲೆ. ಊಟದ ಡಬ್ಬಿ ಹೇಗಿದೆ, ಗಾಡಿ ಎಷ್ಟು ತಂಪಾಗಿದೆ, ಇದರ ಮೇಲೆ.

ತಂಪು ಅಂದೆ, ಐಸಿಗೆ ಬರೋಣ. ಕಾಕಾ ಹೇಳಿದ್ದರಲ್ಲಿ ನಿಜ ಇದೆ. 1934ರಲ್ಲಿ ಫ್ರಾಂಟಿಯರ್ ಮೇಲ್‌ಗೆ ಹವಾನಿಯಂತ್ರಿತ ಡಬ್ಬಿ ಸೇರಿಸಿದರು. ಡಬ್ಬಿಯ ನೆಲದ ಕೆಳಗೆ ತಟ್ಟೆಗಳಲ್ಲಿ ಮಂಜಿನ ಗಡ್ಡೆ, ಅದರ ಮೇಲೆ ಹಾಯಿಸಿದ ಗಾಳಿಯನ್ನು ಬ್ಯಾಟರಿಯ ಫ್ಯಾನು ಒಳಗೆ ಊದುತ್ತಿತ್ತು. ಕರಗಿದ ಹಾಗೆ ದಾರಿಯ ನಿಲ್ದಾಣಗಳಲ್ಲಿ ಹೊಸ ಗಡ್ಡೆ ತುಂಬುತ್ತಿದ್ದರು. ಆದರೆ ಅದು ಭಾರೀ ದುಡ್ಡಿನವರ ಡಬ್ಬಿ. ನಿಮ್ಮ ಅಜ್ಜ ಅದನ್ನು ಪ್ಲಾಟ್‌ಫಾರ್ಮಿನಿಂದ ನೋಡಿರಬಹುದು, ಒಳಗೆ ಕೂತಿರಲಿಕ್ಕಿಲ್ಲ. ಅದೂ ಅಲ್ಲದೆ ಬೇಸಿಗೆಯಲ್ಲಿ ಬೇರೆ ಗಾಡಿಗಳಲ್ಲೂ ಮೇಲಿನ ದರ್ಜೆಯವರು ತಗಡಿನ ತೊಟ್ಟಿಯಲ್ಲಿ ಐಸ್ ತರಿಸಿ ಫ್ಯಾನಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಐಸ್ ಅಂದ ಕೂಡಲೇ ಫ್ರಾಂಟಿಯರ್ ಅಂತ ತೀರ್ಮಾನ ಮಾಡಬೇಡಿ.

ಅಪ್ಪನ ಇಂಜಿನ್ ಸಾಕ್ಷಿಯೂ ಗಟ್ಟಿಯಲ್ಲ. ಹಿಂದಿನಿಂದ ದೂಡಿದ ಇಂಜಿನ್ ಥಳ್ ಘಾಟ್‌ನದೇ ಆಗಬೇಕಿಲ್ಲ. ಮುಂಬೈಯಿಂದ ಪುಣೆಗೆ ಬರುವಾಗ ಕರ್ಜತ್‌ನಲ್ಲೂ ಬ್ಯಾಂಕರ್ ಹಚ್ಚುತ್ತಾರೆ, ಭೋರ್ ಘಾಟ್ ಏರೋಕೆ. ಫ್ರಾಂಟಿಯರ್ ಮೇಲ್‌ನಲ್ಲಿ ಬಂದು ಮುಂಬೈಯಲ್ಲಿ ಇಳಿದವನೂ ಧಾರವಾಡಕ್ಕೆ ಹೋಗಬೇಕೆಂದರೆ ಕರ್ಜತ್ ದಾಟಲೇಬೇಕಿತ್ತು. 1938ಕ್ಕೆ ಎರಡೂ ಘಾಟಿನಲ್ಲಿ ವಿದ್ಯುತ್ ಇಂಜಿನ್ ಬಂದಿದ್ದವು, ಪುಣೆ ಕಡೆ 1929ರಲ್ಲಿ, ಇಗತ್‌ಪುರಿ ಕಡೆ 1930ರಲ್ಲಿ. ‘ಹೊಗೆ ಇಲ್ಲದ ಇಂಜಿನ್’ ಅಂತ ಅಜ್ಜ ಏನಾದರೂ ಹೇಳಿದ್ದರೆ ಅದನ್ನೂ ಅಪ್ಪನ ಹತ್ತಿರ ಕೇಳಿ ಬರೆದಿಡಿ. ಧಾರವಾಡದ ಹುಡುಗನಿಗೆ ಅದು ಮೊದಲ ಬಾರಿ ಕಂಡ ವಿಸ್ಮಯ ಆಗಿರಬೇಕು.

ಇಂಥ ಕೇಸುಗಳಲ್ಲಿ ಕೆಲವರು ನದಿ ಹಿಡಿದು ಹುಡುಕುತ್ತಾರೆ. ‘ಅಜ್ಜ ನರ್ಮದೆ ದಾಟಿದ್ದು ಹೇಳುತ್ತಿದ್ದರು’ ಅಂತ. ಅದೂ ಕೈ ಕೊಡುತ್ತದೆ. ತಾಪಿ, ನರ್ಮದಾ, ಚಂಬಲ್ ಮೂರನ್ನೂ ಎರಡೂ ದಾರಿ ದಾಟುತ್ತವೆ. ತಾಪಿಯನ್ನು ಒಂದು ಭುಸಾವಳದ ಹತ್ತಿರ, ಇನ್ನೊಂದು ಸೂರತ್‌ನಲ್ಲಿ. ನರ್ಮದೆಯನ್ನು ಒಂದು ಹೋಶಂಗಾಬಾದ್‌ನಲ್ಲಿ, ಇನ್ನೊಂದು ಭರೂಚ್‌ನಲ್ಲಿ. ಚಂಬಲ್ ಅನ್ನು ಒಂದು ಧೋಲ್‌ಪುರದ ಹತ್ತಿರ, ಇನ್ನೊಂದು ಕೋಟಾದಲ್ಲಿ. ಹಾಗಾಗಿ ಊರಿನ ಹೆಸರು ಬೇಕು, ಅದೂ ಆ ದಿನವೇ ಬರೆದದ್ದು.

ಅದು ನಿಮ್ಮ ಹತ್ತಿರ ಇದೆ. ಆ ಸಾಲುಗಳನ್ನು ಮತ್ತೆ ಓದಿ. ‘ಪುಣೆ, ಹಮಾಲ 2 ಆಣೆ.’ ಆಗ ಧಾರವಾಡದಿಂದ ಪುಣೆಗೆ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್. ಪುಣೆಯಿಂದ ಮುಂದೆ ಜಿಐಪಿಯ ಬ್ರಾಡ್‌ಗೇಜ್. ಹಳಿಯ ಅಗಲವೇ ಬೇರೆ, ಗಾಡಿ ಬದಲಿಸಲೇಬೇಕು. ಟ್ರಂಕು, ಹಾಸಿಗೆ ಸುರುಳಿ ಎತ್ತಿಸಬೇಕು. ಅದಕ್ಕೇ ಹಮಾಲ. ‘ಕಲ್ಯಾಣ, ಹಮಾಲ 2 ಆಣೆ.’ ಪುಣೆಯಿಂದ ಮುಂಬೈಗೆ ಹೋಗುವವನು ಕಲ್ಯಾಣದಲ್ಲಿ ಹಮಾಲನನ್ನು ಯಾಕೆ ಕರೆಯುತ್ತಾನೆ? ಅಲ್ಲಿ ಇಳಿದಿದ್ದಾರೆ ಅಂತಲೇ ಅರ್ಥ. ಪುಣೆಯ ದಾರಿಯೂ ಇಗತ್‌ಪುರಿಯ ದಾರಿಯೂ ಕೂಡೋದು ಕಲ್ಯಾಣದಲ್ಲಿ. ಅಜ್ಜ ಮುಂಬೈಗೆ ಹೋಗಲೇ ಇಲ್ಲ. ಕಲ್ಯಾಣದಲ್ಲಿ ಇಳಿದು ಉತ್ತರದ ಗಾಡಿ ಹಿಡಿದರು. ಮುಂದಿನ ಸಾಲಿನ ಇಟಾರಸಿ ಅದಕ್ಕೆ ಮುದ್ರೆ ಒತ್ತಿದ ಹಾಗೆ. ಅದು ಅಪ್ಪಟ ಜಿಐಪಿ ಜಂಕ್ಷನ್.

ಬರುವಾಗ ರತಲಾಮ ಇದೆ, ಅದು ಬಿಬಿಸಿಐ. ಬಾಂಬೆ ಸೆಂಟ್ರಲ್‌ನಲ್ಲಿ ಇಳಿದು ಎಂಟು ಆಣೆ ಕೊಟ್ಟು ಟಾಂಗಾದಲ್ಲಿ ಬೋರಿಬಂದರ್‌ಗೆ ಹೋಗಿದ್ದಾರೆ, ಪುಣೆ ಗಾಡಿಗೆ. ಹೋಗುವಾಗ ಅಪ್ಪ ಹೇಳಿದ ದಾರಿ, ಬರುವಾಗ ಕಾಕಾ ಹೇಳಿದ ದಾರಿ. ಇಬ್ಬರಿಗೂ ಅಜ್ಜ ಸತ್ಯವನ್ನೇ ಹೇಳಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಪಯಣ ನೆನಪಿನಲ್ಲಿ ಉಳಿದಿದೆ. ಈ ಭಾಗ ಬರೆಯುವಾಗ ನನಗೂ ಬಹಳ ಖುಷಿಯಾಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಇಟಾರಸಿ, ರತಲಾಮ ಇವು ದಾರಿಯನ್ನು ಸಾಬೀತು ಮಾಡುತ್ತವೆ, ಗಾಡಿಯ ಹೆಸರನ್ನಲ್ಲ. ಆ ದಾರಿಗಳಲ್ಲಿ ಬೇರೆ ಗಾಡಿಗಳೂ ಓಡುತ್ತಿದ್ದವು. ಪಕ್ಕಾ ಮಾಡಬೇಕೆಂದರೆ ಡೈರಿಯಲ್ಲಿ ಹೊತ್ತು ಬೇಕು. ‘ಮುಂಜಾನೆ ಚಾ’, ‘ರಾತ್ರಿ ಊಟ’ ಅಂತ ಎಲ್ಲಾದರೂ ಇದೆಯಾ ನೋಡಿ. ಆಮೇಲೆ ಆ ವರ್ಷದ ನ್ಯೂಮನ್ಸ್ ಇಂಡಿಯನ್ ಬ್ರ್ಯಾಡ್‌ಶಾ ಹುಡುಕಿ. ಕಲ್ಕತ್ತೆಯಿಂದ ಬರುತ್ತಿದ್ದ ಇಡೀ ದೇಶದ ರೈಲು ಟೈಮ್‌ಟೇಬಲ್ ಅದು. ಹಳೇ ಲೈಬ್ರರಿಗಳಲ್ಲಿ ಸಿಗುತ್ತದೆ. ತಿಂಗಳು ಸರಿ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಬೇಸಿಗೆಯ ಟೈಮ್‌ಟೇಬಲ್ ಇಟ್ಟುಕೊಂಡು ಡಿಸೆಂಬರ್ ಪಯಣ ಲೆಕ್ಕ ಹಾಕಿ ಮೋಸ ಹೋದವರನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಸಣ್ಣ ರಟ್ಟಿನ ಟಿಕೆಟ್ ಏನಾದರೂ ಉಳಿದಿದ್ದರೆ ಇನ್ನೂ ಒಳ್ಳೆಯದು, ಅದರ ಮೇಲೆ ಕಂಪನಿಯ ಅಕ್ಷರಗಳು ಇರುತ್ತವೆ. ಟ್ರಂಕಿನ ಒಳಮೈ ಸಹ ನೋಡಿ, ಲಗೇಜಿನ ಚೀಟಿ ಅಂಟಿಕೊಂಡಿರುತ್ತದೆ.

ಅಜ್ಜ ಬಂದ ತಿಂಗಳ ಬಗ್ಗೆ ಇನ್ನೊಂದು ಮಾತು, ಕಾಕಾನಿಗೆ ಹೇಳಿ. 1940ರ ಡಿಸೆಂಬರ್‌ನಲ್ಲಿ ಅಜ್ಜ ಮನೆಗೆ ಬಂದರು. ಮರುತಿಂಗಳು, 1941ರ ಜನವರಿಯಲ್ಲಿ, ಸುಭಾಷ್ ಚಂದ್ರ ಬೋಸ್ ಕಲ್ಕತ್ತೆಯ ಮನೆಯಿಂದ ತಪ್ಪಿಸಿಕೊಂಡು, ಜಿಯಾವುದ್ದೀನ್ ಎಂಬ ಹೆಸರಿನಲ್ಲಿ, ದೆಹಲಿಯಿಂದ ಪೇಶಾವರಕ್ಕೆ ಹೋದದ್ದು ಫ್ರಾಂಟಿಯರ್ ಮೇಲ್‌ನಲ್ಲೇ.

ಈಗ ನಿಮ್ಮ ಪ್ರಯಾಣ. ರಾವಲ್ಪಿಂಡಿ ಇವತ್ತು ಗಡಿಯ ಆಚೆ. 1947ರಲ್ಲಿ ಎರಡೂ ಗಾಡಿಗಳ ದಾರಿ ತುಂಡಾಯಿತು. ಪಂಜಾಬ್ ಮೇಲ್ ಈಗ ಮುಂಬೈ ಸಿಎಸ್‌ಎಂಟಿಯಿಂದ ಫಿರೋಜ್‌ಪುರಕ್ಕೆ ನಿಲ್ಲುತ್ತದೆ, ಸುಮಾರು 1,930 ಕಿ.ಮೀ. ಫ್ರಾಂಟಿಯರ್ ಮೇಲ್ ಅಮೃತಸರಕ್ಕೆ ನಿಲ್ಲುತ್ತದೆ. 1996ರಲ್ಲಿ ಅದರ ಹೆಸರು ಗೋಲ್ಡನ್ ಟೆಂಪಲ್ ಮೇಲ್ ಅಂತ ಆಯಿತು. ಟಿಕೆಟ್ ಬುಕ್ ಮಾಡುವಾಗ ಹಳೇ ಹೆಸರು ಹುಡುಕಿ ಗಾಬರಿಯಾಗಬೇಡಿ.

ಡೈರಿಯ ಹಾಗೇ ಮಾಡೋದಾದರೆ ಹೋಗುವಾಗ ಕಲ್ಯಾಣದಿಂದ ಪಂಜಾಬ್ ಮೇಲ್, ಬರುವಾಗ ಅಮೃತಸರದಿಂದ ಗೋಲ್ಡನ್ ಟೆಂಪಲ್ ಮೇಲ್. ಮನಸ್ಸಿಗೆ ಇದೇ ಒಪ್ಪುತ್ತದೆ. ದೇಹದ ಲೆಕ್ಕ ಬೇರೆ. ಎರಡೂ ಒಂದು ಹಗಲು, ಒಂದು ರಾತ್ರಿಗಿಂತ ಜಾಸ್ತಿ ಹೊತ್ತಿನ ಪಯಣ. ಫಿರೋಜ್‌ಪುರದಿಂದ ಅಮೃತಸರಕ್ಕೆ ಮತ್ತೆ ರಸ್ತೆ ಪ್ರಯಾಣ. 79ರ ವಯಸ್ಸಿಗೆ ಇದು ಒಂದೇ ಉಸಿರಿಗೆ ಜಾಸ್ತಿ. ನನ್ನ ಸಲಹೆ, ಹೋಗುವಾಗ ಪಂಜಾಬ್ ಮೇಲ್‌ನಲ್ಲಿ ದೆಹಲಿವರೆಗೆ ಹೋಗಿ ಇಳಿಯಿರಿ, ಎರಡು ದಿನ ಉಳಿಯಿರಿ. ಅಲ್ಲಿಂದ ಹಗಲು ಗಾಡಿಯಲ್ಲಿ ಅಮೃತಸರ. ಬರುವಾಗ ಗೋಲ್ಡನ್ ಟೆಂಪಲ್ ಮೇಲ್, ಅಪ್ಪನಿಗೆ ಶಕ್ತಿ ಇದ್ದರೆ ಪೂರ್ತಿ. ಇಲ್ಲದಿದ್ದರೆ ದೆಹಲಿಯಿಂದ ಮುಂಬೈ ಸೆಂಟ್ರಲ್‌ಗೆ ರಾಜಧಾನಿ, ಅದೂ ರತಲಾಮ ದಾರಿಯೇ. 1972ರಲ್ಲಿ ಮುಂಬೈ ರಾಜಧಾನಿ ಬಿಟ್ಟಾಗ ಅದಕ್ಕೆ ಆರಿಸಿದ್ದು ಹಳೇ ಬಿಬಿಸಿಐ ಹಾದಿ. ಜಿಐಪಿ ಹಾದಿಗೆ ರಾಜಧಾನಿ ಬಂದದ್ದು 2019ರಲ್ಲಿ, ಅದೂ ಹಿಂದೆ ಮುಂದೆ ಎರಡೂ ಕಡೆ ಇಂಜಿನ್ ಹಚ್ಚಿ, ಕಸಾರಾದಲ್ಲಿ ಬ್ಯಾಂಕರ್‌ಗೆ ಕಾಯೋದು ತಪ್ಪಿಸಿ. ಹಾಗಾಗಿ ಘಾಟಿನ ಅನುಭವ ಬೇಕಿದ್ದರೆ ಅದನ್ನು ಹತ್ತಬೇಡಿ.

ಮೊಣಕಾಲು ನೋವು ಅಂದಿರಿ. ಬುಕ್ ಮಾಡುವಾಗ ಹಿರಿಯರ ಕೆಳಗಿನ ಬರ್ತ್ ಕೋಟಾ ಕೇಳಿ, 60 ದಾಟಿದ ಗಂಡಸರಿಗೆ ಅದು ಸಿಗುತ್ತದೆ. ದರದಲ್ಲಿ ರಿಯಾಯಿತಿ ಮಾತ್ರ 2020ರಲ್ಲಿ ನಿಂತಿದೆ. ಕಲ್ಯಾಣದಲ್ಲಿ ಹತ್ತೋದು ಡೈರಿಗೆ ಸರಿ, ಆದರೆ ಅಲ್ಲಿ ವಿಪರೀತ ಜನ, ಗಾಡಿ ನಿಲ್ಲೋದು ಕೆಲವೇ ನಿಮಿಷ. ಸಾಮಾನು, ವಯಸ್ಸಾದವರು ಇರುವಾಗ ಆ ಸಾಹಸ ಬೇಡ, ಸಿಎಸ್‌ಎಂಟಿಯಲ್ಲೇ ಹತ್ತಿ ಕೂರಿಸಿ. ಕಲ್ಯಾಣ ಬಂದಾಗ ಕಿಟಕಿಯಿಂದ ಪ್ಲಾಟ್‌ಫಾರ್ಮ್ ತೋರಿಸಿ. ಜುಲೈ, ಆಗಸ್ಟ್‌ನಲ್ಲಿ ಘಾಟಿನ ಮಣ್ಣು ಕುಸಿದು ಗಾಡಿಗಳು ನಿಲ್ಲೋದುಂಟು, ಡಿಸೆಂಬರ್ ಕೊನೆ, ಜನವರಿಯಲ್ಲಿ ಉತ್ತರದ ಮಂಜಿಗೆ ಗಂಟೆಗಟ್ಟಲೆ ತಡ. ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳ್ಳೆಯದು, ದೀಪಾವಳಿಯ ಜನಜಂಗುಳಿ ಮಾತ್ರ ಬಿಟ್ಟು.

ಪಂಜಾಬ್ ಮೇಲ್ ಸಂಜೆಯ ಮೇಲೆ ಹೊರಡುತ್ತದೆ, ಕಸಾರಾ ಬರುವಾಗ ಕತ್ತಲೆ. ಹೊರಗೆ ಏನೂ ಕಾಣೋದಿಲ್ಲ, ಆದರೆ ಅಪ್ಪನನ್ನು ಎಚ್ಚರ ಇರಿಸಿ. ಗಾಡಿ ನಿಂತ ಮೇಲೆ ಸ್ವಲ್ಪ ಹೊತ್ತಿಗೆ ಹಿಂದಿನಿಂದ ‘ದಡ್’ ಅಂತ ಒಂದು ತಟ್ಟು ಬರುತ್ತದೆ, ಸೀಟಿನಲ್ಲಿ ಕೂತವರ ಬೆನ್ನಿಗೆ ತಾಗುವಷ್ಟು. ಆಮೇಲೆ ಗಾಡಿ ಹೊರಡುತ್ತದೆ, ಈ ಸಲ ಎಳೆದ ಹಾಗೂ ದೂಡಿದ ಹಾಗೂ. ಆ ಹೊತ್ತಿಗೆ ಅವರ ಕೈಲಿ ಚಹಾ ಇದ್ದರೆ ಲೋಟ ಅರ್ಧ ಮಾತ್ರ ತುಂಬಿಸಿಕೊಡಿ.